ಅಕ್ಕನ ಪಕ್ಕದ ಸೀಟು

ಪರದೇಶದ ಆ ಮಹಾನಗರಕ್ಕೆ ನಾವು ಮೂವರು ಹೋದಾಗ ಅಕ್ಕನಿಗೆ ಇದ್ದದ್ದು ಒಂದೇ ಆಸೆ: ಬಸ್ಸಿನಲ್ಲಿ ಭಾವನ ಪಕ್ಕ ಕೂತು ಒಂದು ಸುತ್ತು ಬರಬೇಕು. ಕೇಳಿದವರು ನಗಬಹುದು. ಭಾವ ಮೂವತ್ತೈದು ವರ್ಷ ಕಂಡಕ್ಟರ್ ಆಗಿದ್ದವರು. ರಜೆಯಲ್ಲೂ, ನಿವೃತ್ತರಾದ ಮೇಲೂ, ಬಸ್ಸು ಹತ್ತಿದರೆ ಬಾಗಿಲ ಬಳಿಯೇ ನಿಂತು ಕಂಡವರ ಮೂಟೆ ಎತ್ತಿಕೊಡುವರು. ಅಕ್ಕ ಒಬ್ಬಳೇ ಕಿಟಕಿ ನೋಡುತ್ತ ಕೂರುವಳು.

ಮೂರು ದಿನ ಇಲ್ಲಿಯೂ ಅದೇ ಕಥೆ. ಕಡೆಯ ದಿನ ಪ್ರವಾಸಿಗರ ಮಹಡಿ ಬಸ್ಸು ಹತ್ತಿದೆವು; ಮರುದಿನ ಬೆಳಗ್ಗೆ ಊರಿಗೆ ವಿಮಾನ. ಒಂದೇ ಟಿಕೆಟಿಗೆ ದಿನವಿಡೀ ಎಲ್ಲಿ ಬೇಕಾದರೂ ಇಳಿದು ಹತ್ತಬಹುದು. ಛಾವಣಿಯಿಲ್ಲದ ಮೇಲಂತಸ್ತಿನಲ್ಲಿ ತೀರ ಮುಂದಿನ ಸೀಟೇ ಸಿಕ್ಕಿತು.

“ಇವತ್ತು ಎದ್ರೆ ನೋಡಿ ಮತ್ತೆ,” ಎಂದಳು ಅಕ್ಕ.

“ಏಳಲ್ಲಮ್ಮ. ಗೋಂದು ಹಚ್ಕೊಂಡು ಕೂತಿದೀನಿ.”

ಗೋಂದು ಒಣಗುವ ಮೊದಲೇ ನಿಲ್ದಾಣ ಬಂತು. ಕೆಳಗೆ ಒಬ್ಬ ಅಜ್ಜಿ, ಎರಡು ದೊಡ್ಡ ಪೆಟ್ಟಿಗೆ. “ಒಂದೇ ನಿಮಿಷ” ಎಂದವರೇ ಭಾವ ದಡದಡ ಇಳಿದರು. ಅಜ್ಜಿಯನ್ನು ಹತ್ತಿಸಿದರು, ಪೆಟ್ಟಿಗೆಗಳನ್ನು ಒಳಗೆ ತಳ್ಳಿದರು. ಆಮೇಲೆ ರಸ್ತೆಯಲ್ಲೇ ನಿಂತು, ಬಸ್ಸಿನ ಮೈಗೆ ಎರಡು ಸಲ ಬಡಿದು, “ರೈಟ್!” ಅಂದುಬಿಟ್ಟರು.

ಊರಿನಲ್ಲಾದರೆ ಬಸ್ಸು ಹೊರಟ ಮೇಲೆ ಫುಟ್‌ಬೋರ್ಡಿಗೆ ಹಾರುವುದು ಅವರ ಅಭ್ಯಾಸ. ಇಲ್ಲಿ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಡ್ರೈವರಿಗೆ ನಮ್ಮ ಭಾಷೆ ಬಾರದಿದ್ದರೂ ಬಡಿತ ಅರ್ಥವಾಗಿತ್ತು.

“ಹೋಲ್ಡಾನ್! ಹೋಲ್ಡಾನ್!” ಭಾವ ಓಡುತ್ತ ಓಡುತ್ತ ಚಿಕ್ಕವರಾದರು.

ನಾನು ದೇವರ ಹೆಸರು ಹಿಡಿದೆ. ಅಕ್ಕ ಮಾತ್ರ ಕಂಬಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಊರನ್ನೆಲ್ಲ ಹತ್ತಿಸಿ ತಾವೇ ಉಳಿದ್ರಲ್ಲೇ!” ಆಮೇಲೆ ಬಾಗಿ ಕೂಗಿದಳು: “ಹಿಂದಿನ ಬಸ್ ಹತ್ಕೊಂಡು ಬನ್ನಿ! ಮುಂದಿನ ಸ್ಟಾಪಲ್ಲಿ ಕಾಯ್ತೀವಿ!”

ಇಳಿದು ಕಾದೆವು. ಕಾವ್ಯ ಓದುವವರು ಹತ್ತು ಪದ್ಯ ಮುಗಿಸುವಷ್ಟು ಹೊತ್ತಾಯಿತು. ಅಕ್ಕನ ನಗು ತೆಳುವಾಗುತ್ತ ಬಂತು.

“ನಿನ್ನ ಭಾವ ಆ ಬಸ್ಸಲ್ಲೂ ಬಾಗಿಲಲ್ಲೇ ನೇತಾಡ್ತಾ ಬರ್ತಾರೆ, ನೋಡ್ತಿರು. ನನ್ನ ಹಣೇಲಿ ಕಿಟಕಿ ಒಂದೇ ಬರೆದಿರೋದು.”

ಬಸ್ಸು ಬಂತು. ಬಾಗಿಲಲ್ಲಿ ಭಾವ ಇಲ್ಲ. ಅಕ್ಕನ ಮುಖ ಬಾಡಿತು.

“ಏ, ಇಲ್ಲಿ! ಮೇಲೆ ಬಾರೇ!”

ಹತ್ತಿ ನೋಡಿದರೆ, ಮುಂದಿನ ಸೀಟಿನಲ್ಲಿ ಭಾವ. ಪಕ್ಕದ ಸೀಟಿನ ಮೇಲೆ ಅವರ ಕರ್ಚೀಫು, ಅದರ ಮೇಲೆ ಅವರ ಅಂಗೈ. ಎದುರು ನಿಂತ ಎತ್ತರದ ಪ್ರವಾಸಿಯೊಬ್ಬನಿಗೆ ಅಚ್ಚ ಕನ್ನಡದಲ್ಲೇ, “ಜನ ಇದಾರೆ ಸ್ವಾಮಿ, ಬರ್ತಾ ಇದಾರೆ,” ಎಂದು ವಿವರಿಸುತ್ತಿದ್ದರು.

“ಕರ್ಚೀಫ್ ಹಾಕಿ ಸೀಟು ಹಿಡಿಯೋರನ್ನ ಕಂಡ್ರೆ ಉರಿದು ಬೀಳ್ತಿದ್ರಲ್ಲ? ಬಸ್ಸೇನು ನಿಮ್ಮಪ್ಪಂದಾ ಅಂತ?”

“ಅದು ಡ್ಯೂಟೀಲಿದ್ದಾಗ. ಈಗ ನಾನು ಪ್ಯಾಸೆಂಜರು. ಕೂತ್ಕೋ.”

ಮುಂದಿನ ನಿಲ್ದಾಣದಲ್ಲಿ ನಾಲ್ವರು ಗಂಟುಮೂಟೆ ಸಮೇತ ಹತ್ತಿದರು. ಭಾವನ ಮಂಡಿ ಅಲುಗಿತು. ಭಾವ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿ ಕೂತರು.

ಬಸ್ಸು ಸೇತುವೆ ಏರಿತು. ನದಿಯ ತುಂಬ ಬಿಸಿಲು. ಅಕ್ಕ ಬೆರಳು ಮಾಡಿ ಏನೋ ಹೇಳಿದಳು, ಭಾವ ತಲೆ ಬಾಗಿಸಿ ಕೇಳಿದರು. ಹಿಂದಿನ ಸೀಟಿನಲ್ಲಿದ್ದ ನಾನು, ಜೀವನದಲ್ಲಿ ಅಪರೂಪಕ್ಕೆ, ಕಿವಿಗೊಡದೆ ಕೂತೆ.