ಅಣ್ಣನ ಲೈನ್ ಆಫ್ ಇದೆ

1.
ಎಲ್ಲಿಂದ ಶುರು ಮಾಡಲಿ ಹೇಳಿ? ಸಾವಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಇ-ಸಿಮ್‌ನಿಂದ ಶುರು ಮಾಡಿದರೆ ಇದೇನು ಜಾಹೀರಾತೇ ಅನ್ನುತ್ತೀರಿ. ಇರಲಿ, ಬೈಸಿಕೊಂಡೇ ಶುರು ಮಾಡುತ್ತೇನೆ.

1. (ಮತ್ತೆ)
ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನ ಹೆಂಗಸೊಬ್ಬಳು ಹೊಸ ಯಂತ್ರ ಕಲಿಯಲು ಪರದೇಶಕ್ಕೆ ಬಂದು ಹೋಟೆಲಿನ ಮಂಚದ ಮೇಲೆ ಕೂತಿದ್ದಾಳೆ. (ತಂಗಿ ಅನ್ನೋಣ. ಯಾರ ತಂಗಿ ಎಂಬುದೇ ಇಲ್ಲಿ ಮುಖ್ಯ.) ಇಂಟರ್ನೆಟ್ಟಿಗೆಂದು ಕೊಂಡ, ಕೋಡ್ ಸ್ಕ್ಯಾನ್ ಮಾಡಿದರೆ ತಾನೇ ಫೋನಿಗೆ ಇಳಿಯುವ ಇ-ಸಿಮ್‌ನ ಕ್ಯೂಆರ್ ಕೋಡ್ ಅವಳ ಫೋನಿಗೇ ಬಂದಿದೆ. ಫೋನಿನೊಳಗಿನ ಕೋಡನ್ನು ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ಹೇಗೆ? ಕನ್ನಡಿ ಮುಂದೆ ಹಿಡಿದು ನೋಡಿದಳು. (ನಗಬೇಡಿ, ನಾನೂ ಹಾಗೇ ಮಾಡಿದ್ದೆ.) ಕೊನೆಗೆ ರಿಸೆಪ್ಷನ್ನಿನಾಕೆಯಿಂದ ಪ್ರಿಂಟ್ ತೆಗೆಸಿಕೊಂಡು ಸ್ಕ್ಯಾನ್ ಮಾಡಿದಳು. ಹೊಸ ಲೈನಿಗೆ ‘ಪ್ರಯಾಣ’ ಎಂದು ಹೆಸರಿಟ್ಟಳು. ಆಗ ಫೋನು ಹೇಳಿತು: ಒಮ್ಮೆಗೆ ಎರಡೇ ಲೈನ್ ಆನ್ ಇರಬಹುದು. ಯಾವುದನ್ನು ಆಫ್ ಮಾಡಲಿ? ‘ನಾನು’. ‘ಅಣ್ಣ’.

2.
ಇಲ್ಲಿ ಫ್ಲ್ಯಾಶ್‌ಬ್ಯಾಕ್ ಬೇಕು. ನನಗೆ ಅದು ಒಗ್ಗುವುದಿಲ್ಲ, ಬೇಗ ಮುಗಿಸುತ್ತೇನೆ. ಅಣ್ಣ ಹಡಗಿನಲ್ಲಿ ಅಡುಗೆಯವನಾಗಿದ್ದ. ಕಳೆದ ವರ್ಷ ಸಮುದ್ರದ ಮೇಲೆಯೇ ತೀರಿಕೊಂಡ. ಅಮ್ಮನ ಹೃದಯ ಮೊದಲೇ ಸೋತಿತ್ತು. ಸುದ್ದಿ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ತಂಗಿ ಅವನ ನಂಬರಿನ ಸಿಮ್ಮನ್ನು ತನ್ನ ಫೋನಿಗೆ ಎರಡನೇ ಲೈನಾಗಿ ಹಾಕಿಕೊಂಡಳು. ಅಮ್ಮ ದಿನವೂ ಆ ನಂಬರಿಗೆ ಫೋನ್ ಮಾಡಿ ಊರ ಸಮಾಚಾರವನ್ನೆಲ್ಲ ಹೇಳುತ್ತಾಳೆ. ತಂಗಿ ಗಂಟಲು ದಪ್ಪ ಮಾಡಿಕೊಂಡು ‘ಹೂಂ’ ಅನ್ನುತ್ತಾಳೆ. ಅಣ್ಣ ಬದುಕಿದ್ದಾಗಲೂ ಹೂಂ ಬಿಟ್ಟು ಇನ್ನೊಂದು ಆಡಿದವನಲ್ಲ, ಹಾಗಾಗಿ ಬಚಾವು.

“ನನ್ನ ಲೈನ್ ಆಫ್ ಮಾಡಿದ್ರೆ ಲ್ಯಾಬಿನ ಓಟಿಪಿ ಬರಲ್ಲ,” ಎಂದಳು ತಂಗಿ, ನನಗೆ. “ಬೇರೆ ದಾರಿ ಬರೀರಿ.”

“ಒಂದು ವಾರ ತಾನೆ? ಹಡಗಲ್ಲಿ ಸಿಗ್ನಲ್ ಇಲ್ಲ ಅಂದ್ಕೋತಾರೆ ಬಿಡಿ,” ಎಂದೆ.

ಅವಳು ‘ಅಣ್ಣ’ನನ್ನು ಆಫ್ ಮಾಡಿದಳು. ಹೆಸರು ಬೂದು ಬಣ್ಣಕ್ಕೆ ತಿರುಗಿತು. ಇನ್ನೊಮ್ಮೆ ಕಳಕೊಂಡ ಹಾಗಾಗಿ ಅವಳಿಗೆ ಅಳು ಬಂತು.

4.
(3ನ್ನು ಹರಿದು ಹಾಕಿದೆ. ಅದರಲ್ಲಿ ಅವಳು ಪೇಟೆ ಸುತ್ತಿ ಫೋಟೋ ತೆಗೆಯುತ್ತಿದ್ದಳು. ಯಾರಿಗೆ ಬೇಕು?)

ಮರುದಿನ ತರಬೇತಿ ಕೋಣೆಯಲ್ಲಿ ಮೇಣದ ಒಸಡಿಗೆ ಹಲ್ಲು ಕೂರಿಸುತ್ತಿದ್ದಾಗ ಅಮ್ಮನ ವಾಟ್ಸಾಪ್ ಕಾಲ್ ಬಂತು.

“ನಿಮ್ಮಣ್ಣ ಇವತ್ತು ಬಾಯ್ತುಂಬ ಮಾತಾಡಿದ ಕಣೇ.”

ತಂಗಿಯ ಕೈಯಿಂದ ಹಲ್ಲು ಜಾರಿತು. “ಯಾವ ನಂಬರಿಂದ ಅಮ್ಮ?”

“ನಾನೇ ಮಾಡಿದ್ದು, ಅವನ ನಂಬರಿಗೆ. ಏನು ತಿಂದೆ ಅಂತ ಕೇಳಿದ. ಮಂಡಿನೋವು ಹೇಗಿದೆ ಅಂದ.”

ತಂಗಿ ಸೆಟ್ಟಿಂಗ್ಸ್ ತೆರೆದಳು. ಅಣ್ಣ: ಆಫ್.

“ರೀ ಕಥೆಗಾರರೇ, ಇದು ನಿಮ್ಮ ಕೆಲಸಾನಾ?”

ದೇವರಾಣೆ ಅಲ್ಲ. ನಾನು ಬರೆದದ್ದು, ಅಣ್ಣ ಸಿಗುತ್ತಿಲ್ಲ ಎಂದು ಅಮ್ಮ ಅಳುವ ದೃಶ್ಯ. ಡ್ರಾಫ್ಟು ಇನ್ನೂ ಇಲ್ಲೇ ಇದೆ.

ಮುಕ್ತಾಯ ಅ: ಅಮ್ಮನ ಬೆರಳು ತಪ್ಪಿ ಕಾಲ್ ಬೇರಾರಿಗೋ ಹೋಗಿದೆ, ಆ ಪುಣ್ಯಾತ್ಮ ಕನಿಕರಪಟ್ಟು ಮಾತಾಡಿದ್ದಾನೆ. (ಮಂಡಿನೋವು ಅವನಿಗೆ ಹೇಗೆ ಗೊತ್ತು ಎನ್ನುತ್ತಾಳೆ ತಂಗಿ.)

ಮುಕ್ತಾಯ ಆ: ತಂಗಿ ಅಣ್ಣನ ಲೈನನ್ನು ಮತ್ತೆ ಆನ್ ಮಾಡುತ್ತಾಳೆ.

“ಮಾಡಲ್ಲ,” ಎಂದಳು. “ಆನ್ ಮಾಡಿದ್ರೆ ಅವನು ಹೋಗಿಬಿಡ್ತಾನೆ. ಮತ್ತೆ ನಾನೇ ಹೂಂ ಅನ್ಬೇಕು.”

ಮುಕ್ತಾಯ ಇ ಬರೆಯುವಷ್ಟರಲ್ಲಿ ಅಮ್ಮ ಮತ್ತೆ ಬಾಯಿಬಿಟ್ಟಳು. ಇದೂ ನನ್ನದಲ್ಲ, ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದೇನೆ ಅಷ್ಟೆ.

“ಇಡೋವಾಗ ಒಂದು ಮಾತು ಹೇಳಿದ ಕಣೇ. ಪಾಪ, ಅವಳಿಗೆ ಬೈಬೇಡಮ್ಮ ಅಂದ. ನಿಂಗ್ಯಾಕೆ ಬೈಲಿ ನಾನು? ಏನು ಮಾಡಿದೀಯ?”

ತಂಗಿ ನನ್ನ ಕಡೆ ನೋಡುತ್ತಿದ್ದಾಳೆ. ನಾನು ನಿಮ್ಮ ಕಡೆ. ಏನು ಹೇಳಿಸಲಿ? ನನ್ನ ಕೈಲಾಗದು. ಅಮ್ಮ ಇನ್ನೂ ಲೈನಿನಲ್ಲಿದ್ದಾಳೆ.