ಮೋಟಾರ್ ಸೈಕಲ್ಲಿನ ಗಾಳಿಮರೆ

ಮುದ್ದಕ್ಕನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹೆತ್ತ ಮಗ ಜುಂಜಣ್ಣನ ಮೇಲಂತೂ ಸುತರಾಂ ಇಲ್ಲ. ಎಪ್ಪತ್ತೈದನೇ ಇಸವಿಯ ಆಷಾಢದಲ್ಲಿ ಅವನು ಚಿತ್ರದುರ್ಗದಿಂದ ಗಾಜಿನಂಥ ದಪ್ಪ ಪ್ಲಾಸ್ಟಿಕ್ ಹಾಳೆ ತಂದಾಗಲೇ ಅವಳ ಹುಬ್ಬು ಮೇಲೇರಿತು.

"ಏನಲೇ ಅದು?"

"ಮೋಟಾರ್ ಸೈಕಲ್ಲಿಗೆ ಕಣವ್ವ. ಉಣ್ಣೆ ಹೇರ್ಕೊಂಡು ಹೋಗ್ವಾಗ ಗಾಳಿ ಎದೆಗೇ ಹೊಡಿತೈತೆ."

ಇದ್ದಿಲಿನಲ್ಲಿ ಗೆರೆ ಎಳೆದು, ಗರಗಸದ ಅಲಗಿನಿಂದ ಕೊಯ್ದ. ಕುದಿಯುವ ನೀರಲ್ಲಿ ಅದ್ದಿದ ಗೋಣಿತಾಟು ಹೊದಿಸಿ, ಮೆತ್ತಗಾದ ಹಾಳೆಯನ್ನು ಗುಡಾಣದ ಹೊಟ್ಟೆಗೊತ್ತಿ ಬಾಗಿಸಿದ. ಕಾದ ಸಲಾಕೆಯಿಂದ ತೂತು ಮಾಡಿ, ಬಿರುಕು ಬಿಡದಿರಲೆಂದು ಬೋಲ್ಟಿನ ಕೆಳಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಗಾಡಿಗೆ ಬಿಗಿದ.

ಎಲ್ಲ ಸರಿ, ಆದರೆ ಅಳತೆ? ಹ್ಯಾಂಡಲಿಗಿಂತ ಆಚೆಗೊಂದು ಗೇಣು, ಈಚೆಗೊಂದು ಗೇಣು ಹೆಚ್ಚು! ಇದರ ಮರೆಗೆ ಇಬ್ಬರು ಕೂರಬಹುದು. ಆ ಇನ್ನೊಬ್ಬಳು ಯಾರೆಂದು ಮುದ್ದಕ್ಕನ ಮನಸ್ಸು ದುರ್ಗದ ಬೀದಿಬೀದಿ ಅಲೆಯಿತು. ಇಲ್ಲಿ ನೋಡಿದರೆ ಸೊಸೆ ಜಯಕ್ಕ ಹೆತ್ತು ಹನ್ನೆರಡು ದಿನ. ಗೊಲ್ಲರ ಕಟ್ಟಳೆಯಂತೆ ಕೂಸಿನೊಂದಿಗೆ ಹಟ್ಟಿಯಾಚೆ ತಡಿಕೆ ಕಟ್ಟಿದ ಪುಟ್ಟ ಗುಡ್ಲಲ್ಲಿದ್ದಳು. ಮೂರು ತಿಂಗಳು ಯಾರೂ ಮುಟ್ಟುವಂತಿಲ್ಲ. ಜುಂಜಣ್ಣ ದಿನಾ ಮುದ್ದೆ ಒಯ್ದು ದೂರದ ಬಂಡೆಯ ಮೇಲಿಟ್ಟು ಬರಬೇಕು, ಅಷ್ಟೆ. ಹಿಂದಿನ ಕೂಸು ಇದೇ ಗುಡ್ಲಲ್ಲಿ, ಇಂಥದೇ ಗಾಳಿಗೆ ಸಿಕ್ಕಿ ಸತ್ತುಹೋಗಿತ್ತು. ಮುದ್ದಕ್ಕ ಅದರ ಮುಖ ಕೂಡ ನೋಡಿರಲಿಲ್ಲ. ಆ ಸಂಕಟ ಇನ್ನೂ ಹೊಟ್ಟೆಯಲ್ಲಿತ್ತು. ದೇವರ ಭಯ ಅದಕ್ಕಿಂತ ಒಂದು ಕೈ ಮೇಲಿತ್ತು.

ಮೂರನೇ ದಿನ ಮೋಟಾರ್ ಸೈಕಲ್ ಬೋಳಾಗಿ ನಿಂತಿತ್ತು.

"ಎಲ್ಲೋಯ್ತಲೇ?"

"ಒಡೀತು."

ಒಡೆದಿದ್ದರೆ ಒಂದು ಚೂರಾದರೂ ಬೇಡವೇ? ಸುಳ್ಳು ಹೇಳುವುದಕ್ಕೂ ನೆಟ್ಟಗೆ ಬಾರದ ಮಗ!

ಮಾರನೆಯ ಬೆಳಗ್ಗೆ ಅವನು ಮುದ್ದೆ ಹಿಡಿದು ಹೊರಟಾಗ ಮುದ್ದಕ್ಕ ಬೇಲಿಯ ಮರೆಯಲ್ಲೇ ಹಿಂಬಾಲಿಸಿದಳು. ಅವನು ಬಂಡೆಯ ಬಳಿ ನಿಲ್ಲಲಿಲ್ಲ, ನೇರ ಗುಡ್ಲಿಗೇ ಹೋದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಮುಟ್ಟಿದ್ಯೇನಲೇ, ಮನೆಹಾಳ!" ಎಂದು ಕಿರುಚುತ್ತ ಓಡಿದಳು.

ಗುಡ್ಲ ಬಾಯಿಗೆ, ಅಳತೆಗೆ ಸರಿಯಾಗಿ, ಆ ಪ್ಲಾಸ್ಟಿಕ್ಕನ್ನು ಅಡ್ಡ ಕಟ್ಟಿತ್ತು. ಅದರ ಹಿಂದೆ ಜಯಕ್ಕ ಹೆದರಿ ಕೂಸನ್ನು ಅವಚಿಕೊಂಡಳು.

"ಮುಟ್ಟಿಲ್ಲ ಕಣವ್ವ," ಎಂದ ಜುಂಜಣ್ಣ. "ಗಾಳಿಗೆ ಅಡ್ಡ ಕಟ್ಟೀನಿ ಅಷ್ಟೆ. ಇದನ್ನೂ ಕಳ್ಕಬೇಕೇನು?"

ಮುದ್ದಕ್ಕ ಬೈಯಲು ಬಾಯಿ ತೆರೆದಳು. ಹೊರಗೆ ಗಾಳಿ ಅವಳ ಸೆರಗನ್ನು ಕಿತ್ತುಕೊಳ್ಳುತ್ತಿತ್ತು. ಒಳಗೆ ಕೂಸಿನ ನೆತ್ತಿಯ ಒಂದು ಕೂದಲೂ ಅಲುಗುತ್ತಿರಲಿಲ್ಲ. ಕೂಸು ಆಕಳಿಸಿತು. ಅವಳು ಅಲ್ಲೇ ಮಣ್ಣಲ್ಲಿ ಕುಕ್ಕರಿಸಿ, ಪ್ಲಾಸ್ಟಿಕ್ಕಿನಾಚೆಯ ಮೊಮ್ಮಗುವನ್ನು ಕಣ್ತುಂಬ ನೋಡಿದಳು. ಕಣ್ಣೀರು ತಾನಾಗಿ ಇಳಿಯಿತು.

ತಾಯಿ ಮಗ ಹಟ್ಟಿಗೆ ಮರಳುವಾಗ ಹಟ್ಟಿಯ ಕಟ್ಟಳೆ ಕಾಯುವ ಪೂಜಾರಿ ಕಾಟಯ್ಯ ಎದುರಾದ.

"ಗಾಡಿ ಗಾಜು ಎಲ್ಲಪ್ಪ ಜುಂಜಣ್ಣ?" ಎಂದು ಕೇಳುತ್ತ ಗುಡ್ಲ ಕಡೆ ಕತ್ತು ಚಾಚಿದ.

"ಅದರ ಹೊಳಪಿಗೆ ಕುರಿ ಬೆದರ್ತಾವೆ ಪೂಜಾರಪ್ಪ," ಎಂದಳು ಮುದ್ದಕ್ಕ. "ನಾನೇ ಕಿತ್ತಾಕ್ಸಿದೆ."

ಕಾಟಯ್ಯ ತಲೆಯಾಡಿಸಿ ಹೊರಟ. ಅವನು ಮರೆಯಾಗುವವರೆಗೂ ಕಾದು, ಅವಳು ಮಗನ ಪಕ್ಕೆಗೆ ತಿವಿದಳು.

"ತಡಿಕೆ ಸಂದಿಂದ ಇನ್ನೂ ಗಾಳಿ ನುಗ್ತೈತೆ. ನಾಳೆ ದುರ್ಗಕ್ಕೆ ಹೋದೋನು ಇನ್ನೊಂದು ಹಾಳೆ ತಾ."