ನಿಂತುಹೋದ ಕಾರ್ಡು, ಅರ್ಧ ಕೆತ್ತಿದ ಕುರಿ

ಸೊರಬದಲ್ಲಿ ಪ್ರಮೀಳಾ ನಡೆಸುವ ಬಾಗಿಲು ಕೆತ್ತನೆಯ ಅಂಗಡಿಗೆ ಶಿಕಾರಿಪುರದಿಂದ ಕಂಪ್ಯೂಟರ್ ರಿಪೇರಿಯ ಚೈತ್ರಶ್ರೀ ಸ್ಕೂಟರಿನಲ್ಲಿ ಬಂದಿಳಿದಾಗ ಮಷಿನ್ನಿನ ಮೇಲೆ ತೇಗದ ಬಾಗಿಲೊಂದು ಅರ್ಧ ಕೆತ್ತಿಸಿಕೊಂಡು ಮಲಗಿತ್ತು. ಪಕ್ಕದ ಸ್ಟೂಲಿನಲ್ಲಿ ಬಾಗಿಲಿನ ಒಡತಿ ಗುತ್ಯಮ್ಮ ಕೂತಿದ್ದಳು. ಕುಪ್ಪಗಡ್ಡೆಯಲ್ಲಿ ಕುರಿ ಸಾಕಿ ಹೊಸ ಮನೆ ಕಟ್ಟಿಸಿದವಳು. ಎಲ್ಲರೂ ಬಾಗಿಲಿಗೆ ಗಜಲಕ್ಷ್ಮಿ ಕೆತ್ತಿಸಿದರೆ ಈಕೆ ಕುರಿ ಬೇಕು ಎಂದಿದ್ದಳು. "ನಮ್ಮನೀಗೆ ಲಕ್ಷ್ಮಿ ಬಂದಿದ್ದೇ ಕುರಿ ಆಗಿ" ಎನ್ನುವುದು ಅವಳ ವಾದ.

"ಕೆತ್ತಾ ಕೆತ್ತಾ ಕಂಪ್ಯೂಟರ್ ಹಂಗೇ ನಿಂತ್ಬಿಡುತ್ತೆ ಕಣ್ರೀ. ರಿಪೇರಿಗೆ ಬಂದೋರೆಲ್ಲ ಹಳೇದು ಬಿಸಾಕಿ ಅಂತಾರೆ," ಎಂದಳು ಪ್ರಮೀಳಾ.

"ಬಿಸಾಕೋದು ಬ್ಯಾಡ್ರಿ. ಇದ್ರೊಳಗಿನ ಕಾರ್ಡೇ ನಿಮ್ಮ ಮಷಿನ್ ಓಡಿಸೋದು. ಆ ಕಾರ್ಡು ಈಗಿನ ಕಂಪ್ಯೂಟರಿಗೆ ಕೂರಲ್ಲ. ನಾನು ಸರಿ ಮಾಡ್ತೀನಿ."

ಹೀಗೆಂದು ಚೈತ್ರಶ್ರೀ ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಒಳಗೆ ಮರದ ಪುಡಿ ಮೆತ್ತಿಕೊಂಡಿತ್ತು. ಅದನ್ನೆಲ್ಲ ಊದಿ ತೆಗೆದು, ಕಾರ್ಡಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಹಳೇ ಹಲಗೆಯೊಂದರ ಮೇಲೆ ಓಡಿಸಿದರೆ ಮಷಿನ್ನು ಚೆನ್ನಾಗಿಯೇ ಕೆತ್ತಿತು. ಧೈರ್ಯವಾಗಿ ಬಾಗಿಲಿನ ಕೆತ್ತನೆಗೆ ಹಚ್ಚಿದಳು.

ಮೈಯಷ್ಟೇ ಇದ್ದ ಕುರಿಗೆ ಮುಖ ಮೂಡಿತು. ಕಿವಿ ಮೂಡುವ ಹೊತ್ತಿಗೆ ಪರದೆ ಗಕ್ಕನೆ ನಿಂತಿತು. ಚೈತ್ರಶ್ರೀ ಮಷಿನ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಮಷಿನ್ನು ಜರ್ಕು ಹೊಡೆದು ನಿಂತಿತು, ಕಿವಿಯ ತುದಿ ಚೂರಾಗಿ ಹಾರಿತು.

ಚೈತ್ರಶ್ರೀ ಗುತ್ಯಮ್ಮನ ಕಡೆ ತಿರುಗಿದಳು. "ತಪ್ಪು ನಂದು, ಅವ್ವಾ. ಧೂಳು ಅಷ್ಟೇ ಅನ್ಕೊಂಡೆ. ಬೇರೆ ಹಲಗೆ ನಾನೇ ತಂದ್ಕೊಡ್ತೀನಿ."

ಗುತ್ಯಮ್ಮ ಎದ್ದು ಬಂದು ಮುರಿದ ಕಿವಿಯ ಮೇಲೆ ಬೆರಳಾಡಿಸಿದಳು. ಆಮೇಲೆ ನಕ್ಕಳು. "ಹಲಗೆ ಯಾಕೆ ಮಗಾ? ನಮ್ಮ ಕುರೀನ ಬೇರೆಯೋರ ಹಿಂಡಿಂದ ಗುರುತು ಹಿಡೀಲಿ ಅಂತ ನಾವೂ ಕಿವಿ ಕತ್ತರಿಸ್ತೀವಿ. ಈಗ ಇದು ನಂದೇ ಕುರಿ ಆತು. ಹಿಂಗೇ ಇರ್ಲಿ. ಉಳಿದದ್ದು ಮುಗಿಸು."

ಚೈತ್ರಶ್ರೀ ಉಸಿರುಬಿಟ್ಟು ಸುತ್ತ ನೋಡಿದಳು. ಪ್ರಮೀಳಾ ಆಚೆ ಮೇಜಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು.

"ಅದು ನಿಂತಾಗ ನೀವೇನು ಮಾಡ್ತಿದ್ರಿ?"

"ಮುಂದಿನ ಡಿಸೈನ್ ಕಳಿಸ್ತಿದ್ದೆ. ಪೆನ್‌ಡ್ರೈವ್ ತಗೊಂಡು ಓಡಾಡೋದು ಬೇಡ ಅಂತ ಹೋದ ತಿಂಗಳು ನೆಟ್‌ವರ್ಕ್ ಕಾರ್ಡು ಹಾಕ್ಸಿದೀನಿ."

"ಸಿಕ್ತು ಬಿಡ್ರಿ!"

ಹೊಸ ಕಾರ್ಡನ್ನು ಯಾರೋ ಹಳೇ ಕಾರ್ಡಿನ ಪಕ್ಕದಲ್ಲೇ ಕೂರಿಸಿದ್ದರು. ಎರಡೂ ಕಂಪ್ಯೂಟರನ್ನು ಕರೆಯಲು ಒಂದೇ ದಾರಿ ಹಂಚಿಕೊಂಡಿದ್ದವು. ಡಿಸೈನ್ ಬರುತ್ತಿದ್ದಾಗಲೇ ಕೆತ್ತನೆ ಕಾರ್ಡೂ ಕೂಗಿದರೆ ಎಲ್ಲವೂ ಸ್ತಬ್ಧ. ಚೈತ್ರಶ್ರೀ ಹೊಸದನ್ನು ದೂರದ ಸ್ಲಾಟಿಗೆ ಹಾಕಿ, ಎರಡಕ್ಕೂ ಬೇರೆ ಬೇರೆ ದಾರಿ ಸಿಕ್ಕಿದೆಯೇ ಎಂದು ಪರದೆಯಲ್ಲಿ ನೋಡಿದಳು. ಸಿಕ್ಕಿತ್ತು.

ಈ ಸಲ ಅವಸರ ಮಾಡಲಿಲ್ಲ. ಹಳೇ ಹಲಗೆಯ ಮೇಲೆ ಕೆತ್ತಲು ಬಿಟ್ಟು, "ಕಳಿಸ್ರಿ, ಇರೋ ಡಿಸೈನೆಲ್ಲ ಕಳಿಸ್ರಿ," ಎಂದಳು. ಪ್ರಮೀಳಾ ಒಂದರ ಹಿಂದೊಂದು ಕಳಿಸಿದಳು. ಮಷಿನ್ನು ಒಮ್ಮೆಯೂ ತಡವರಿಸಲಿಲ್ಲ. ಆಮೇಲೆ ಬಾಗಿಲನ್ನು ಮೊದಲಿದ್ದ ಗುರುತಿಗೇ ಹೊಂದಿಸಿ ಮತ್ತೆ ಕೆತ್ತನೆಗೆ ಹಚ್ಚಿದರು. ಸಂಜೆಯೊಳಗೆ ಕುರಿ, ಅದರ ಮರಿ, ಸುತ್ತಲಿನ ಬಳ್ಳಿ ಎಲ್ಲ ಮೂಡಿದವು.

ಬಾಗಿಲನ್ನು ಗಾಡಿಗೆ ಏರಿಸುವಾಗ ಗುತ್ಯಮ್ಮ ಚೈತ್ರಶ್ರೀಯ ಕೈ ಹಿಡಿದಳು. "ಮನೆ ಒಕ್ಕಲಿಗೆ ಬರ್ಬೇಕು ನೋಡು."

"ಬರ್ತೀನವ್ವಾ," ಎಂದಳು ಚೈತ್ರಶ್ರೀ. "ಈ ಕುರಿ ಇರೋ ಮುಂಬಾಗಿಲಿಂದಾನೇ ಬರ್ತೀನಿ."